ಬಚ್ಚಲಮನೆಯ ಚಿಲಕ

"ನೀನು ಸ್ನಾನಕ್ಕೆ ಹೋದಾಗ ಚಿಲಕ ಹಾಕ್ಕೋತೀಯಾ?"

ಮಂಗಳವಾರ ಬೆಳಿಗ್ಗೆ ಅಮ್ಮ ಕೇಳಿದ್ದು ಇಷ್ಟೇ. ದನಿ ಏರಿಸಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಮಡಿಲಲ್ಲಿ ಟವೆಲ್ ಇಟ್ಟುಕೊಂಡು ಕೇಳಿದಳು. ನಾನು "ಹೂಂ" ಅಂದೆ. "ಮತ್ತೆ?" ಅಂದಳು. ಇವತ್ತು ಶನಿವಾರ, ಆ "ಮತ್ತೆ" ಇನ್ನೂ ಕಿವಿಯಲ್ಲಿದೆ.

ಚಿಲಕ ಬಿಚ್ಚಿದವನು ನಾನೇ. ಹೋದ ಶುಕ್ರವಾರ, ಅವಳು ಮಧ್ಯಾಹ್ನ ಮಲಗಿದ್ದಾಗ, ನಾಲ್ಕು ಸ್ಕ್ರೂ ತೆಗೆದು ಡ್ರಾಯರಿನಲ್ಲಿ ಹಾಕಿಟ್ಟೆ. ದೊಡ್ಡದೊಂದು ಅಪಾಯ ತಪ್ಪಿಸಿದೆ ಅನ್ನುವ ಸಮಾಧಾನವೂ ಆಗಿತ್ತು.

ಕಾರಣ ಇಲ್ಲದೆ ತೆಗೆದದ್ದಲ್ಲ. ಕಳೆದ ತಿಂಗಳು ಅಮ್ಮ ಅದೇ ಬಚ್ಚಲಮನೆಯಲ್ಲಿ ಜಾರಿ ಬಿದ್ದಿದ್ದಳು. ಅವಳನ್ನು ನೋಡಿಕೊಳ್ಳಲು ಮನೆಗೆ ಬರುವಾಕೆ ಹೊರಗೆ ನಿಂತು ಕೂಗುತ್ತಿದ್ದರು, ಅಮ್ಮ ಒಳಗಿನಿಂದ ಓಗೊಡುತ್ತಿದ್ದಳು, ನಡುವೆ ಬಾಗಿಲು. ಪಕ್ಕದ ಮನೆಯವರು ಬಂದು ಚಿಲಕ ಕಿತ್ತುಬರುವ ಹಾಗೆ ತಳ್ಳಿದ ಮೇಲೂ ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು, ಅಮ್ಮನ ಕಾಲುಗಳೇ ಅದಕ್ಕೆ ಅಡ್ಡವಾಗಿದ್ದವು. ಮುಕ್ಕಾಲು ಗಂಟೆ ಒದ್ದೆ ನೆಲದ ಮೇಲಿದ್ದಳು. ಮೂಳೆ ಮುರಿಯಲಿಲ್ಲ. ಆದರೆ ಡಾಕ್ಟರ್ ಬಿದ್ದದ್ದಕ್ಕಿಂತ ಹೆಚ್ಚಾಗಿ ಆ ಮುಕ್ಕಾಲು ಗಂಟೆಯ ಬಗ್ಗೆಯೇ ಕೇಳಿದರು. ವಯಸ್ಸಾದವರು ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲೇ ಇದ್ದರೆ ಮೈಭಾರ ಬಿದ್ದ ಕಡೆ ಸ್ನಾಯು ಹಾಳಾಗುತ್ತದೆ, ಅದರಿಂದ ಕಿಡ್ನಿಗೂ ತೊಂದರೆಯಾಗಬಹುದು, ಮೈ ತಣ್ಣಗಾಗುತ್ತದೆ, ನೀರಿನಂಶ ಇಳಿಯುತ್ತದೆ. ಬೀಳದ ಹಾಗೆ ನೋಡಿಕೊಳ್ಳುವುದು ಎಷ್ಟು ಮುಖ್ಯವೋ, ಬಿದ್ದವರನ್ನು ಬೇಗ ತಲುಪುವುದೂ ಅಷ್ಟೇ ಮುಖ್ಯ ಅಂದರು. ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತು ಒಂದೇ.

ಮುರಿದ ಚಿಲಕವನ್ನು ಅಮ್ಮ ಅದೇ ವಾರ ಯಾರಿಗೋ ಹೇಳಿ ಮತ್ತೆ ಹಾಕಿಸಿದ್ದಳು. ಬೆನ್ನು ನೋವಿನಲ್ಲಿ ಎದ್ದು ಕೂರಲಾಗದ ದಿನಗಳಲ್ಲಿ ಅವಳು ಮನೆಯಲ್ಲಿ ಮಾಡಿಸಿದ ಒಂದೇ ಒಂದು ರಿಪೇರಿ ಅದು. ನನಗೆ ಅಲ್ಲೇ ಅರ್ಥವಾಗಬೇಕಿತ್ತು.

ಶನಿವಾರ ಸ್ನಾನ ಬೇಡ ಅಂದಳು. ಭಾನುವಾರವೂ ಬೇಡ. ಸೋಮವಾರ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡಳು. ನಾನು ಫೋನಿನಲ್ಲಿ ಅಕ್ಕನಿಗೆ "ಅಮ್ಮನಿಗೆ ಈಚೆಗೆ ಯಾವುದರಲ್ಲೂ ಆಸಕ್ತಿ ಇಲ್ಲ, ಮರೆವೂ ಶುರುವಾಗಿರಬಹುದು" ಅಂದೆ. ಹಾಗಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಮಂಗಳವಾರ ಒಳಗೆ ಏನೋ ಎಳೆಯುವ ಸದ್ದು ಕೇಳಿ ಬಾಗಿಲು ತಳ್ಳಿದರೆ ಅರ್ಧಕ್ಕೇ ನಿಂತಿತು. ಅಮ್ಮ ನೀರು ತುಂಬಿದ ಬಕೆಟನ್ನು ಬಾಗಿಲಿಗೆ ಒತ್ತರಿಸಿ ಇಟ್ಟಿದ್ದಳು. ಎಂಬತ್ತೊಂದು ವರ್ಷದ ಅಮ್ಮ, ಒದ್ದೆ ನೆಲದ ಮೇಲೆ, ತುಂಬಿದ ಬಕೆಟ್ ಎಳೆದಿದ್ದಳು. ನನಗೆ ಎದೆ ಧಸಕ್ಕೆಂದಿತು, ಹೆದರಿಕೆಯಲ್ಲೇ ರೇಗಿದೆ. "ಯಾಕಮ್ಮಾ ಹೀಗೆ ಮಾಡ್ತೀಯ? ಮತ್ತೆ ಬಿದ್ದರೆ?" ಅವಳು ಏನೂ ಅನ್ನದೆ ಟವೆಲ್ ತಗೊಂಡು ಹೊರಗೆ ಬಂದು ಮಂಚದ ಮೇಲೆ ಕೂತಳು. ಆಮೇಲೆ ಆ ಪ್ರಶ್ನೆ ಬಂತು.

"ನೀನು ಸ್ನಾನಕ್ಕೆ ಹೋದಾಗ ಚಿಲಕ ಹಾಕ್ಕೋತೀಯಾ?"

ಹೌದು, ಹಾಕಿಕೊಳ್ಳುತ್ತೇನೆ. ಮನೆಯಲ್ಲಿ ಒಬ್ಬನೇ ಇದ್ದಾಗಲೂ ಹಾಕಿಕೊಳ್ಳುತ್ತೇನೆ. ಯಾಕೆ ಅಂತ ಯಾರೂ ನನ್ನನ್ನು ಕೇಳಿಲ್ಲ.

ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ವಾರಕ್ಕೆರಡು ಸಲ ಬರುತ್ತಾಳೆ. ಒಳ್ಳೆಯ ಕೆಲಸಗಾತಿ. ಮಾತಾಡುವಾಗ ನನ್ನ ಮುಖ ನೋಡದೆ ಅಮ್ಮನ ಮುಖ ನೋಡುತ್ತಾಳೆ. ಇದನ್ನು ಹೇಳಬೇಕಾಗಿ ಬಂದಿದೆ, ಯಾಕೆಂದರೆ ನಾವು ಹೋದ ಕಡೆಯಲ್ಲೆಲ್ಲ ಅಮ್ಮನ ನೋವು ಎಲ್ಲಿದೆ ಅಂತ ನನ್ನನ್ನು ಕೇಳಿದವರೇ ಹೆಚ್ಚು. ಮೊದಲ ದಿನ ಅವಳು ಅಮ್ಮನನ್ನು ಕುರ್ಚಿಯಿಂದ ಎಬ್ಬಿಸಿ, 3 ಮೀಟರ್ ನಡೆಸಿ, ತಿರುಗಿ ಬಂದು ಕೂರಲು ಹೇಳಿ, ಗಡಿಯಾರ ಹಿಡಿದಿದ್ದಳು. 19 ಸೆಕೆಂಡ್. 12 ದಾಟಿದರೆ ಬೀಳುವ ಸಂಭವ ಹೆಚ್ಚು ಎಂದು ಲೆಕ್ಕವಂತೆ. ಬಿಸಿನೀರು ಮೈಮೇಲೆ ಬಿದ್ದಾಗ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ, ಜೊತೆಗೆ ಬಿಪಿ ಮಾತ್ರೆಯೂ ಇರುತ್ತದೆ, ಹಾಗಾಗಿ ಸ್ನಾನ ಮುಗಿಸಿ ಥಟ್ಟನೆ ಎದ್ದಾಗಲೇ ಕಣ್ಣು ಕತ್ತಲೆ ಬರುವುದು ಅಂತ ಬಿಡಿಸಿ ಹೇಳಿದಳು. ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ, ಗೋಡೆಗೆ ಡ್ರಿಲ್ ಮಾಡಿ ಕೂರಿಸಿದ ಹಿಡಿಕೆ ಬೇಕು, ಕಣ್ಣು ಮಂಜಾದವರಿಗೂ ಕಾಣುವ ಹಾಗೆ ಅದು ಗೋಡೆಗಿಂತ ಬೇರೆ ಬಣ್ಣದ್ದಾಗಿರಲಿ ಅಂದಳು. ಅದನ್ನೆಲ್ಲ ನಿಷ್ಠೆಯಿಂದ ಮಾಡಿಸಿದೆ.

ಬುಧವಾರ ಚಿಲಕದ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ವಯಸ್ಸಾದವರು ದಿನದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ನೋಡುವ 1963ರ ಒಂದು ಅಳತೆಯ ಬಗ್ಗೆ ಹೇಳಿದಳು. ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ಸಂಗಡಿಗರು ಮಾಡಿದ್ದು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಯಲ್ಲಿ ಕೂರುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಕೆಲಸ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕಟ್ಟಕಡೆಗೆ ಊಟ. ಮಗು ಒಂದೊಂದಾಗಿ ಕಲಿತದ್ದನ್ನು ಮುಪ್ಪಿನಲ್ಲಿ ಹಿಂದುಮುಂದಾಗಿ ಬಿಟ್ಟುಕೊಡುತ್ತಾ ಬರುತ್ತೇವೆ. "ನಿಮ್ಮಮ್ಮ ಮೊದಲನೇದನ್ನೇ ಇನ್ನೂ ಗಟ್ಟಿಯಾಗಿ ಹಿಡಿದಿದ್ದಾರೆ. ನೀವೇ ಕಿತ್ಕೋಬೇಡಿ ಸರ್" ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಚಿಲಕದಲ್ಲಿ ನಿಲ್ಲುವ ಮಾತಾಗಿರಲಿಲ್ಲ ಅದು. ಅಮ್ಮ ಬಿದ್ದಂದಿನಿಂದ ಅಕ್ಕ, ತಮ್ಮ, ನಾನು ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ. ಅಮ್ಮ ಎಲ್ಲಿರಬೇಕು ಅನ್ನುವುದೇ ವಿಷಯ. ಅಕ್ಕನಿಗೆ ತನ್ನ ಮನೆಗೇ ಕರೆದುಕೊಂಡು ಹೋಗುವ ಆಸೆ; ಆದರೆ ಅವಳೇ ಮಂಡಿನೋವಿನವಳು, ರಾತ್ರಿ ಮೂರು ಸಲ ಎದ್ದು ಅಮ್ಮನನ್ನು ಹಿಡಿದು ನಡೆಸುವ ಶಕ್ತಿ ಅವಳಿಗಿಲ್ಲ. ತಮ್ಮ ದೂರದಲ್ಲಿದ್ದಾನೆ, ನಾಲ್ಕು ನಾಲ್ಕು ತಿಂಗಳು ಹಂಚಿಕೊಳ್ಳೋಣ ಅನ್ನುತ್ತಾನೆ, ಆಗದಿದ್ದರೆ ಒಳ್ಳೆಯ ವೃದ್ಧಾಶ್ರಮ ನೋಡೋಣ ಅನ್ನುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ಖರ್ಚಿನ ದೊಡ್ಡ ಪಾಲು ಹೊರುವವನು ಅವನೇ. ಆದರೆ ನಾಲ್ಕು ತಿಂಗಳಿಗೊಮ್ಮೆ ಮನೆ ಬದಲಿಸುವುದು ನನಗೆ ಒಪ್ಪಿಗೆಯಾಗದ ಮಾತು. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಎಲ್ಲಿ ಹೊಸ್ತಿಲು, ಕತ್ತಲಲ್ಲಿ ಸ್ವಿಚ್ ಎಲ್ಲಿ ಅನ್ನುವುದು ಈ ಮನೆಯಲ್ಲಿ ಅಮ್ಮನ ಕಾಲಿಗೆ, ಕೈಗೆ ಗೊತ್ತು. ಮೂರು ಮನೆಗಳಲ್ಲಿ ಮೂರು ಸಲ ಅದನ್ನು ಹೊಸದಾಗಿ ಕಲಿಯುವ ವಯಸ್ಸಲ್ಲ ಅವಳದು.

ಹೀಗೆ ನಾನು ವಾದಿಸುವಾಗಲೆಲ್ಲ ಅಮ್ಮ ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಇರುತ್ತಿದ್ದಳು. ನಾನು ದನಿ ತಗ್ಗಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಅವಳ ಪರವಾಗಿ ಜಗಳವಾಡುತ್ತಿದ್ದೆ. ನಾಲ್ಕು ಭಾನುವಾರ ಕಳೆದವು. ಅಮ್ಮಾ ನಿನಗೇನು ಬೇಕು ಅಂತ ಅಕ್ಕ ಕೇಳಲಿಲ್ಲ, ತಮ್ಮ ಕೇಳಲಿಲ್ಲ, ಎರಡೇ ಹೆಜ್ಜೆ ದೂರದಲ್ಲಿದ್ದ ನಾನೂ ಕೇಳಲಿಲ್ಲ.

ಕೇಳಿದವರು ಬಹುಶಃ ಒಬ್ಬರೇ, ಅಮ್ಮನನ್ನು ನೋಡಿಕೊಳ್ಳುವ ಆಕೆ. ಚಿಲಕ ತೆಗೆದ ಮೇಲೂ ಆಕೆ ಬಚ್ಚಲ ಬಾಗಿಲು ತಟ್ಟಿ, "ಬರ್ಲಾ ಅಮ್ಮಾ?" ಅಂತ ಕೇಳಿ, ಉತ್ತರ ಬರುವ ತನಕ ಕಾಯುತ್ತಿದ್ದುದನ್ನು ಗಮನಿಸಿದ್ದೇನೆ. ತೆರೆದೇ ಇರುವ ಬಾಗಿಲನ್ನು ತಟ್ಟುವುದೇಕೆ ಅನ್ನಿಸಿತ್ತು ಆಗ. ನಾವು ಆಕೆಗೆ ಕೊಡುವ ಸಂಬಳದ ಬಗ್ಗೆ, ರಜೆಯ ಬಗ್ಗೆ ಎಷ್ಟೊಂದು ಚೌಕಾಸಿ ಮಾಡಿದೆವು!

ಗುರುವಾರ ಬಡಗಿಯನ್ನು ಕರೆಸಿದೆ. ಈ ಸಲ ಅಮ್ಮ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದಳು. ಒಳಗಿನಿಂದ ಹಾಕಿಕೊಂಡರೂ ತುರ್ತಿಗೆ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಲಾಕ್ ಸಿಗುತ್ತದೆ. ಎರಡನೇ ಕೆಲಸ ಬಾಗಿಲಿನದು: ಕೀಲು ಬದಲಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡುವುದು. ಆಗ ಒಳಗೆ ಯಾರೇ ಬಿದ್ದಿದ್ದರೂ ಬಾಗಿಲಿಗೆ ಅಡ್ಡವಾಗುವುದಿಲ್ಲ. ಇಷ್ಟು ಸುಲಭದ ದಾರಿ ಇತ್ತು. ಅಮ್ಮನನ್ನು ಒಂದು ಮಾತು ಕೇಳಿದ್ದರೆ ಹುಡುಕುತ್ತಿದ್ದೆ. ಕೇಳದ್ದರಿಂದ ಹುಡುಕುವ ಅಗತ್ಯವೇ ಕಾಣಲಿಲ್ಲ.

ಅಮ್ಮ ಲಾಕ್ ತಿರುಗಿಸಿ ನೋಡಿದಳು. ಬೆರಳಿನ ಗಂಟುಗಳಿಗೆ ಅದರ ಗುಂಡಿ ಬಿಗಿ ಅನ್ನಿಸಿತು, ಉದ್ದ ಹಿಡಿಕೆಯದು ಬೇಕೆಂದಳು. ಬದಲಿಸಿದರು. ನಾಣ್ಯ ಎಲ್ಲಿಡಬೇಕೆಂದೂ ಅವಳೇ ಹೇಳಿದಳು, ಬಾಗಿಲ ಪಕ್ಕದ ಗೂಡಿನಲ್ಲಿ. "ಒಂದು ಸಲ ಕೂಗು. ಉತ್ತರ ಬರದಿದ್ರೆ ಇನ್ನೊಂದು ಸಲ ಕೂಗು. ಆಮೇಲೆ ತೆಗಿ" ಅಂತ ನನಗೂ ನೋಡಿಕೊಳ್ಳುವಾಕೆಗೂ ನಿಯಮ ಹಾಕಿದಳು. ತಾನೂ ಒಂದಕ್ಕೆ ಒಪ್ಪಿದಳು: ಒಳಗೆ ಸ್ಟೂಲ್ ಮೇಲೆ ಕೂತೇ ಸ್ನಾನ, ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತು ಆಮೇಲೆ ಏಳುವುದು.

ನಿನ್ನೆ ಬೆಳಿಗ್ಗೆ ಒಳಗೆ ಹೋದಳು. ಟಕ್ ಅಂತ ಲಾಕ್ ಬಿದ್ದ ಸದ್ದು ಕೇಳಿತು. ನಾನು ಗೋಡೆಗೊರಗಿ ನಿಂತೆ. ನೀರಿನ ಸದ್ದು ನಿಂತಾಗಲೆಲ್ಲ ಕೈ ಗೂಡಿನ ಕಡೆ ಹೋಗುತ್ತಿತ್ತು. ಹದಿನೈದು ನಿಮಿಷಕ್ಕೆ ಕೂದಲು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನನ್ನನ್ನು ಅಲ್ಲಿ ಕಂಡು ಏನೂ ಅನ್ನಲಿಲ್ಲ.

ನಾಳೆ ಭಾನುವಾರ. ಫೋನು ಅಮ್ಮನ ಕೋಣೆಯಲ್ಲೇ ಇಡುತ್ತೇನೆಂದು ಅಕ್ಕನಿಗೂ ತಮ್ಮನಿಗೂ ಹೇಳಿದ್ದೇನೆ. ಅಮ್ಮ ಈ ಮನೆಯಲ್ಲೇ ಇರುತ್ತೇನೆ ಅನ್ನುತ್ತಾಳೋ, ಅಕ್ಕನ ಜೊತೆ ಹೋಗುತ್ತೇನೆ ಅನ್ನುತ್ತಾಳೋ, ನನಗೆ ಗೊತ್ತಿಲ್ಲ. ಇವತ್ತು ಸಂಜೆ ತಡೆಯಲಾರದೆ ಕೇಳಿಬಿಟ್ಟೆ. "ಮೂವರೂ ಇರುವಾಗ ಹೇಳ್ತೀನಿ" ಅಂದಳು.