‘ಸ್ವಲ್ಪ ಪ್ರೆಸೆಂಟಬಲ್ ಇರೋರು ಬೇಕಿತ್ತು ಮೇಡಂ’

ಕಳೆದ ತಿಂಗಳು ಬೆಂಗಳೂರಿನ ಒಂದು ಹೋಟೆಲಿನವರು ರಿಸೆಪ್ಷನ್‌ಗೆ ಇಬ್ಬರು ಬೇಕು ಅಂದರು. ಕೆಲಸಕ್ಕೆ ಜನ ಹುಡುಕಿಕೊಡುವುದೇ ನನ್ನ ಕೆಲಸ. ಆರು ಹುಡುಗಿಯರ ರೆಸ್ಯೂಮೆ ಕಳಿಸಿದೆ. ಅದರಲ್ಲಿ ಒಬ್ಬಳು ಯಲ್ಲಾಪುರದ ಕಡೆಯವಳು. ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷ್ ನಾಲ್ಕೂ ಚೆನ್ನಾಗಿ ಬರುತ್ತವೆ. ಗೋವಾದ ಹೋಟೆಲಿನಲ್ಲಿ ಒಂದು ವರ್ಷ ಕೌಂಟರ್‌ನಲ್ಲಿ ನಿಂತಿದ್ದಾಳೆ. ಆರು ಜನರಲ್ಲಿ ಅನುಭವ ಇದ್ದದ್ದು ಅವಳೊಬ್ಬಳಿಗೇ.

ಇಂಟರ್‌ವ್ಯೂಗೆ ಐವರನ್ನು ಕರೆದರು. ಅವಳನ್ನು ಬಿಟ್ಟು.

ಫೋನ್ ಮಾಡಿ ಯಾಕೆ ಅಂತ ಕೇಳಿದೆ. "ಫೋಟೋ ನೋಡಿದ್ವಿ ಮೇಡಂ. ಸ್ವಲ್ಪ ಪ್ರೆಸೆಂಟಬಲ್ ಇರೋರು ಬೇಕಿತ್ತು" ಅಂದರು. ಆ ಫೋಟೋ ನನ್ನ ಮುಂದೆಯೇ ಇತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಗುಂಗುರು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಾಳೆ. ನಗುತ್ತಿದ್ದಾಳೆ. "ಪ್ರೆಸೆಂಟಬಲ್ ಅಂದ್ರೆ ಏನು ಸರ್?" ಅಂದೆ. ಒಂದು ಕ್ಷಣ ಮಾತಿಲ್ಲ. ಆಮೇಲೆ, "ಅವರು ನಮ್ಮ ಕಡೆಯವರೇನಾ? ಆಫ್ರಿಕಾದವರ ಥರ ಕಾಣ್ತಾರಲ್ಲ. ಗೆಸ್ಟ್‌ಗಳು ಏನಂದ್ಕೋತಾರೆ?"

ಅವಳು ಸಿದ್ದಿ ಸಮುದಾಯದವಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು ಇವರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ನಮ್ಮ ವಿಧಾನ ಪರಿಷತ್ತಿಗೆ ಹೋದರು. ಇಷ್ಟಾದರೂ ಬೆಂಗಳೂರಿನಲ್ಲಿ ಈ ಹುಡುಗಿಗೆ ಮೊದಲು ಎದುರಾಗುವ ಪ್ರಶ್ನೆ ‘ನಿಮ್ಮದು ಯಾವ ದೇಶ?’ ಅನ್ನುವುದು. ಆಟೋದವರು ಕೇಳುತ್ತಾರೆ, ಪೀಜಿಯ ಆಂಟಿ ಕೇಳುತ್ತಾರೆ. ಅವಳು ಬಾಯಿ ಬಿಟ್ಟು ಕನ್ನಡ ಮಾತಾಡಿದರೆ ಜನ ಬೆರಗಾಗುತ್ತಾರಂತೆ. ಆದರೆ ರೆಸ್ಯೂಮೆಯ ಫೋಟೋ ಬಾಯಿ ಬಿಡುವುದಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. 2009 ನೆನಪಾಯಿತು.

ನಾನು ಚಳ್ಳಕೆರೆಯವಳು. ಬಿ.ಕಾಂ ಮುಗಿಸಿ ಬೆಂಗಳೂರಿಗೆ ಬಂದ ಹೊಸತು. ಒಂದು ಚಿನ್ನದ ಅಂಗಡಿಗೆ ಸೇಲ್ಸ್‌ಗೆ ಜನ ಬೇಕಾಗಿದ್ದಾರೆ ಅಂತ ಹೋದೆ. ಗ್ಲಾಸಿನ ಕೌಂಟರ್ ಮುಂದೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಮ್ಯಾನೇಜರ್ ಒಂದು ಎಳೆ ಸರ ತೆಗೆದು ಒಬ್ಬೊಬ್ಬರಿಗೂ "ಕೈ ಕೊಡಿ" ಅನ್ನುತ್ತಿದ್ದರು. ಸರವನ್ನು ಕೈಯ ಹಿಂಭಾಗದ ಮೇಲೆ ಹರವಿ, ಲೈಟಿನ ಕೆಳಗೆ ಹಿಡಿದು ನೋಡುತ್ತಿದ್ದರು. ಗಿರಾಕಿಗೆ ಒಡವೆ ಹೇಗೆ ತೋರಿಸುತ್ತೀವಿ ಅಂತ ನೋಡುತ್ತಿದ್ದಾರೆ ಅಂದುಕೊಂಡೆ. ನನ್ನ ಸರದಿ ಬಂತು. ಸರ ತಣ್ಣಗಿತ್ತು. ಒಂದೇ ಕ್ಷಣ ಇಟ್ಟು ತೆಗೆದರು. "ನಿಮ್ಮದು ಕಾಮರ್ಸ್ ಅಲ್ವಾ? ಒಳಗೆ ಬಿಲ್ಲಿಂಗ್‌ನಲ್ಲಿ ಜಾಗ ಖಾಲಿಯಾದರೆ ಹೇಳ್ತೀವಿ" ಅಂದರು. ಪಕ್ಕದವಳ ಕೈ ಮೇಲೆ ಅದೇ ಸರವನ್ನು ತುಂಬಾ ಹೊತ್ತು ಇಟ್ಟರು.

ಅದೇ ಕೌಂಟರಿನ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ ಉಂಗುರ ತೋರಿಸುತ್ತಾ ನಿಂತಿದ್ದ. ನನ್ನದೇ ಬಣ್ಣ. ಬಹುಶಃ ನನಗಿಂತ ಒಂದು ಕೈ ಜಾಸ್ತಿಯೇ. ಅವನಿಗೆ ಆ ಬಣ್ಣ ಅಡ್ಡ ಬಂದಿರಲಿಲ್ಲ. ಅದು ನನಗೆ ಈಗಲೂ ಮರೆಯುವುದಿಲ್ಲ.

ನಮ್ಮ ಅಜ್ಜಿ ಮಸಿ ಕಪ್ಪು. ಕಿವಿಯ ಮೇಲ್ಭಾಗದಲ್ಲಿ ಬುಗುಡಿ ಹಾಕುತ್ತಿದ್ದಳು. ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಆ ಚಿನ್ನ ಹೊಳೆದ ಹಾಗೆ ಯಾವ ಅಂಗಡಿಯ ಲೈಟಿನಲ್ಲೂ ಚಿನ್ನ ಹೊಳೆದದ್ದನ್ನು ನಾನು ಕಂಡಿಲ್ಲ. ಅಮ್ಮ ಮಾತ್ರ ನನ್ನನ್ನು ನೋಡಲು ಬಂದವರಿಗೆಲ್ಲ "ಎಣ್ಣೆಗೆಂಪು" ಅನ್ನುತ್ತಿದ್ದಳು. ನಾನು ಎಣ್ಣೆಗೆಂಪು ಅಲ್ಲ, ಕಪ್ಪು. ಆಗ ಟಿವಿ ಹಾಕಿದರೆ ಕ್ರೀಮಿನ ಜಾಹೀರಾತು. ಕಪ್ಪಗಿರುವ ಹುಡುಗಿ ಕ್ರೀಮು ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಕೆಲಸ ಸಿಗುತ್ತದೆ. ಕಪ್ಪಗಿದ್ದರೆ ಕೆಲಸ ಸಿಗಲ್ಲ ಅನ್ನುವ ಹಾಗೆ ಜಾಹೀರಾತು ಮಾಡಬಾರದು ಅಂತ ಜಾಹೀರಾತು ಉದ್ಯಮದವರದ್ದೇ ಸಂಸ್ಥೆಯಾದ ಎಎಸ್‌ಸಿಐ ನಿಯಮ ತಂದದ್ದು 2014ರಲ್ಲಿ. ಅಷ್ಟರಲ್ಲಿ ನಮ್ಮ ಒಂದು ತಲೆಮಾರು ಅದನ್ನು ನೋಡುತ್ತಲೇ ಬೆಳೆದಾಗಿತ್ತು.

ಕೆಲಸ ಸಿಕ್ಕಿ ದೊಡ್ಡ ಹುದ್ದೆಗೆ ಏರಿದರೂ ಇದು ಬಿಡುವುದಿಲ್ಲ. ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ 2025ರಲ್ಲಿ ಫೇಸ್‌ಬುಕ್‌ನಲ್ಲಿ ಬರೆದದ್ದು ನೆನಪಿರಬಹುದು. ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಇದ್ದವರು ಅವರ ಗಂಡ. ಗಂಡನ ಅವಧಿ ಎಷ್ಟು ಬಿಳಿಯೋ ಇವರದು ಅಷ್ಟೇ ಕಪ್ಪು ಅಂತ ಯಾರೋ ಮಾತಾಡಿದ್ದರು. ಇಡೀ ರಾಜ್ಯದ ಆಡಳಿತ ನೋಡಿಕೊಳ್ಳುವ ಹೆಂಗಸಿಗೇ ಹೀಗೆ ಅಂದರೆ, ಇಪ್ಪತ್ತೆರಡು ವರ್ಷದ ಹುಡುಗಿ ಏನು ಮಾಡಬೇಕು?

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. ಸಂವಿಧಾನದ 16ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಜಾಗ ಎಲ್ಲ ಇದೆ. ಬಣ್ಣ ಇಲ್ಲ. ಮೇಲಾಗಿ ಅದು ಸರ್ಕಾರಿ ಕೆಲಸದ ಮಾತು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಜನಾಂಗದ ಪಕ್ಕದಲ್ಲೇ ಬಣ್ಣವನ್ನು ಬೇರೆಯಾಗಿ ಬರೆದಿದ್ದಾರೆ. ಕಾನೂನಿದ್ದ ಮಾತ್ರಕ್ಕೆ ಅಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ದೂರು ಕೊಡೋಕೆ ಒಂದು ಪದವಾದರೂ ಇದೆ. ನಮ್ಮ ಹುಡುಗಿ ಏನಂತ ದೂರು ಕೊಡಬೇಕು? ‘ಪ್ರೆಸೆಂಟಬಲ್’ ಅಂದರು ಅಂತಲಾ?

2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟವೆಲ್ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ದೇಶದ ಪೇಪರುಗಳಲ್ಲಿ ಬಂದ ಖಾಸಗಿ ಕೆಲಸಗಳಿಗೆ ಒಂದೇ ಥರದ ಓದು ಇರುವ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದ್ದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಬರೀ ಹೆಸರಿಗೇ ಹೀಗೆ. ನಮ್ಮ ವ್ಯವಹಾರದಲ್ಲಿ ಹೆಸರು ಓದುವ ಮೊದಲೇ ಫೋಟೋ ಕಣ್ಣಿಗೆ ಬೀಳುತ್ತದೆ.

ಇದರಲ್ಲಿ ನನ್ನ ಪಾಲೂ ಇದೆ. ಈ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕಪ್ಪಗಿರುವ ಹುಡುಗಿಯರಿಗೆ "ಸ್ಟುಡಿಯೋದಲ್ಲಿ ಲೈಟ್ ಜಾಸ್ತಿ ಹಾಕಿಸಿ ತೆಗೆಸಮ್ಮ" ಅಂತ ನಾನೇ ಹೇಳಿದ್ದೇನೆ. ಅವರ ಒಳ್ಳೆಯದಕ್ಕೇ ಅಂದುಕೊಂಡಿದ್ದೆ. ಅದಕ್ಕೆ ನನಗೆ ಇವತ್ತಿಗೂ ನೋವಿದೆ. ಈ ಯಲ್ಲಾಪುರದ ಹುಡುಗಿಗೆ ಹಾಗೆ ಹೇಳಲಿಲ್ಲ, ಆದರೂ ಸ್ಟುಡಿಯೋದವನು ಕೇಳದೆಯೇ ಕಂಪ್ಯೂಟರಿನಲ್ಲಿ ಮುಖ ಬಿಳಿ ಮಾಡಿದ್ದ. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ. ಅವಳು ಅಲ್ಲೇ ನಿಂತು ಮೊದಲಿನ ಹಾಗೆ ಮಾಡಿಸಿಕೊಂಡು ಬಂದಿದ್ದಳು.

ಈ ತಿಂಗಳಿಂದ ನಾನು ಯಾರ ಫೋಟೋವನ್ನೂ ಕಳಿಸುತ್ತಿಲ್ಲ. ಇಬ್ಬರು ಕ್ಲೈಂಟ್‌ಗಳು ಸಿಟ್ಟಾಗಿದ್ದಾರೆ. ಒಬ್ಬರು ಬೇರೆ ಕನ್ಸಲ್ಟೆನ್ಸಿಗೆ ಹೋದರು. ಹೋಗಲಿ.

ಮೊನ್ನೆ ಅವಳಿಂದ ಮೆಸೇಜ್ ಬಂತು. ಹುಬ್ಬಳ್ಳಿಯ ಒಂದು ಹೋಟೆಲಿಗೆ ತಾನೇ ಅರ್ಜಿ ಹಾಕುತ್ತಿದ್ದಾಳೆ. "ಅಕ್ಕಾ, ಫೋಟೋ ಹಾಕ್ಲಾ, ಬೇಡ್ವಾ?" ಬೇಡ ಅಂತ ಬರೆದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ಹಾಕಿಯೇ ಕಳಿಸಿದೆ ಅಕ್ಕಾ. ಆಮೇಲೆ ಅಲ್ಲಿ ನಿಲ್ಲೋದು ನಾನೇ ಅಲ್ವಾ."

ಸೋಮವಾರ ಇಂಟರ್‌ವ್ಯೂ ಇದೆ. ಕರೆದಿದ್ದಾರೆ.