ಅಪ್ಪನ ಎದೆಯ ಮೇಲೂ ಕೂಸು ಬೆಳೆಯುತ್ತದೆ

ನಮ್ಮ ಮಗಳು 32 ವಾರಕ್ಕೇ ಹುಟ್ಟಿದಳು. ತೂಕ 1,450 ಗ್ರಾಂ. ಗದಗಿನಲ್ಲಿ ಸಿಸೇರಿಯನ್ ಆಯ್ತು. ಕೂಸು ಉಸಿರಾಡೋಕೆ ಕಷ್ಟಪಡ್ತಿದೆ ಅಂತ ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಯ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕಳಿಸಿದರು. ಹೆಂಡತಿ ಗದಗಿನಲ್ಲೇ ಉಳಿದಳು, ಕೂಸಿನ ಜೊತೆ ನಾನು ಬಂದೆ.

ತಿಂಗಳು ತುಂಬದ ಕೂಸಿನ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಮುಚ್ಚಿಕೊಂಡುಬಿಡುತ್ತವಂತೆ. ಅವು ತೆರೆದಿರಲು ಸರ್ಫ್ಯಾಕ್ಟೆಂಟ್ ಅನ್ನೋ ದ್ರವ ಬೇಕು. ಅದು ಸಾಕಷ್ಟು ತಯಾರಾಗೋದು ಸುಮಾರು 34-35 ವಾರಕ್ಕೆ. ಅಲ್ಲಿವರೆಗೂ ಆಸರೆಗೆ ಅಂತ ಮೂಗಿಗೆ ಒಂದೇ ಸಮ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರ ಹಾಕಿದ್ದರು. ಚೀಪಿ, ನುಂಗಿ, ಜೊತೆಗೇ ಉಸಿರಾಡುವುದು ಇನ್ನೂ ಬರ್ತಿರಲಿಲ್ಲ. ಹಾಗಾಗಿ ಗದಗಿನಿಂದ ಮೈದುನ ಐಸ್ ಡಬ್ಬಿಯಲ್ಲಿ ತರುತ್ತಿದ್ದ ತಾಯಿಹಾಲನ್ನು ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಗೆಯಲ್ಲಿ ಹಾಕುತ್ತಿದ್ದರು. ಮೊದಲ ಹಳದಿ ಹಾಲು ಒಂದು ಹನಿಯೂ ಚೆಲ್ಲಬೇಡಿ ಅಂತ ಡಾಕ್ಟರು ಪದೇ ಪದೇ ಹೇಳಿದ್ದರು.

ಸಿಪ್ಯಾಪ್ ತೆಗೆದ ಮೇಲೆ ಒಂದು ಬೆಳಿಗ್ಗೆ ಸಿಸ್ಟರ್ ಕರೆದರು. "ಸರ, ಅಂಗಿ ತಗೀರಿ. ಕೂಸನ್ನ ಎದಿ ಮ್ಯಾಲ ಹಾಕ್ಕೋಬೇಕು."

ನಾನಾ? ಅಮ್ಮಂದಿರು ಮಾಡೋದಲ್ವಾ ಇದು?

"ಅಪ್ಪನ ಮೈನೂ ಬೆಚ್ಚಗ ಇರ್ತದರಿ. ಕುಂದರ್ರಿ."

ಕೈ ತೊಳೆದು, ಒರಗು ಕುರ್ಚಿಯಲ್ಲಿ ಕೂತೆ. ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಕೂಸಿನ ಮೈಮೇಲೆ ಏನೂ ಇರಲಿಲ್ಲ. ಕಪ್ಪೆಯ ಹಾಗೆ ಕೈಕಾಲು ಮಡಚಿ, ಮುಖ ಒಂದು ಬದಿಗೆ ತಿರುಗಿಸಿ, ಉಸಿರಿಗೆ ಅಡ್ಡಿಯಾಗದಂತೆ ಕತ್ತು ಸರಿಮಾಡಿ ನನ್ನ ಎದೆಗೆ ಬಟ್ಟೆಯಲ್ಲಿ ಕಟ್ಟಿದರು. ಅವಳ ಬೆನ್ನಿನ ಮೇಲೆ ಅಂಗೈ ಇಟ್ಟೆ. ಬೆನ್ನು ಪೂರ್ತಿ ಅಂಗೈಯೊಳಗೇ ಹೋಯ್ತು. ಕೆಮ್ಮು ಬಂದರೂ ತಡೆದುಕೊಂಡೆ. ಮಾನಿಟರಿನಲ್ಲಿ ಏರಿಳಿಯುತ್ತಿದ್ದ ಅಂಕಿ ನಿಧಾನಕ್ಕೆ ಒಂದು ಕಡೆ ನಿಂತಿತು. ಅವಳು ನಿದ್ದೆ ಹೋದಳು.

ಇದಕ್ಕೆ ಕಾಂಗರೂ ಆರೈಕೆ ಅಂತಾರೆ. ಶುರುವಾಗಿದ್ದು 1978ರಲ್ಲಿ, ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಕೂಸನ್ನ ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳ ಕೊರತೆಯಿಂದ. ಅಮ್ಮ, ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು. ಇದನ್ನ ಹೆರಿಗೆಗೆ ಮುಂಚೆಯೇ ಎಲ್ಲ ಅಪ್ಪಂದಿರಿಗೂ ಹೇಳಬೇಕು. ಹೊರಗೆ ಬೆಂಚಿನ ಮೇಲೆ ನಮ್ಮಂಥ ಎಷ್ಟೋ ಗಂಡಸರು ಔಷಧಿ ಚೀಟಿಗಾಗಿ ಕಾಯುತ್ತಾ ಸುಮ್ನೆ ಕೂತಿದ್ದರು.

ಹೆಂಡತಿ ಬಂದ ಮೇಲೆ ಇಬ್ಬರೂ ಪಾಳಿ ಹಾಕಿಕೊಂಡೆವು. ನಳಿಗೆ ಹೋಗಿ ಒಳಲೆ ಬಂತು, ಆಮೇಲೆ ಮೊಲೆಹಾಲು.

ಮನೆಗೆ ಕಳಿಸುವಾಗ ಕಣ್ಣಿನ ತಪಾಸಣೆಯ ದಿನಾಂಕ ಬರೆದುಕೊಟ್ಟರು. ನಮ್ಮವ್ವ, "ಕಣ್ಣು ಚಲೋ ಅದಾವಲ್ಲೋ, ಮತ್ತ್ಯಾಕ?" ಅಂದಳು. ಬೇಗ ಹುಟ್ಟಿದ ಕೂಸುಗಳಿಗೆ ಕಣ್ಣಿನ ಹಿಂಭಾಗದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದು. ಹೊರಗಿಂದ ಏನೂ ಗೊತ್ತಾಗಲ್ಲ. ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಲೇಸರ್‌ನಿಂದ ದೃಷ್ಟಿ ಉಳಿಸಬಹುದು, ತಡವಾದರೆ ಕಷ್ಟ. ಅವ್ವನಿಗೆ ಇದನ್ನೇ ಹೇಳಿ, ಅವಳನ್ನೂ ಕರೆದುಕೊಂಡು ಹೋದೆವು. ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದರು. ಮತ್ತೆ ಹೋದೆವು.