ಮಜ್ಜೆ ಚಮಚದ ಮೂರನೆಯ ಹೆಸರು ಸಿಕ್ಕಿತು!

ಸಿಕ್ಕಿತು! ಚಮಚ ಮಾಡಿದವರ ಗುರುತು ನಿನ್ನೆ ರಾತ್ರಿ ಪೂರ್ತಿ ಓದಲು ಬಂತು. ಖುಷಿಗೆ ನಿದ್ದೆಯೇ ಹತ್ತಲಿಲ್ಲ.

ವಸ್ತು ಯಾವುದು ಅಂತೀರಾ? ಬೆಳಗಾವಿಯ ಕ್ಯಾಂಪ್, ಅಂದರೆ ಇಂಗ್ಲಿಷರ ಕಾಲದ ದಂಡು ಪ್ರದೇಶದ ಹಳೇ ಮನೆಯೊಂದರ ಸಾಮಾನಿನ ಜೊತೆ ಬಂದ ಉದ್ದನೆಯ ಬೆಳ್ಳಿ ಕಡ್ಡಿ. ಎರಡೂ ತುದಿಗೆ ತೋಡು, ಒಂದು ಅಗಲ, ಇನ್ನೊಂದು ಸಪೂರ. ಶಹಾಪುರದ ಪತ್ತಾರ ಕಾಕಾ ಒರೆಗಲ್ಲಿಗೆ ಉಜ್ಜಿ, "ಬೆಳ್ಳಿ ಚಲೋ ಐತ್ರಿ, ಆದ್ರ ಇದರಾಗ ಏನ್ ತಿಂತಾರ?" ಎಂದರು. ನಲ್ಲಿ ಎಲುಬಿನ ಮಜ್ಜೆ ತೆಗೆಯುವುದು ಎಂದೆ. ಅವರ ನಗು ನಿಲ್ಲಲೇ ಇಲ್ಲ. ನಾವು ಎಲುಬನ್ನು ತಟ್ಟೆಗೆ ಕುಟ್ಟಿ ಹೀರುವವರು!

ಕಡ್ಡಿಯ ಮೇಲೆ ಹಾಲ್‌ಮಾರ್ಕ್, ಅಂದರೆ ಬೆಳ್ಳಿ ಪರೀಕ್ಷಿಸಿ ಒತ್ತಿದ ಪುಟ್ಟ ಮುದ್ರೆಗಳಿವೆ. ಅವುಗಳಲ್ಲಿ ಸುಲಭದ್ದು ಬೇಗ ಮುಗಿಯಿತು. ನಡೆಯುವ ಸಿಂಹ ಅಂದರೆ ಸ್ಟರ್ಲಿಂಗ್, ಇಂಗ್ಲೆಂಡಿನ ಅಧಿಕೃತ ಶುದ್ಧತೆಯ ಬೆಳ್ಳಿ. ಚಿರತೆ ತಲೆ ಅಂದರೆ ಲಂಡನ್. ಆ ತಲೆಗೆ ಕಿರೀಟ ಇದೆ, ಹಾಗಾಗಿ 1821ಕ್ಕಿಂತ ಹಿಂದಿನದು. ಸುಂಕ ಕಟ್ಟಿದ್ದಕ್ಕೆ ಒತ್ತುತ್ತಿದ್ದ ರಾಜನ ತಲೆಯೂ ಇದೆ, ಅಂದರೆ 1784ರ ನಂತರದ್ದು. ವರ್ಷವರ್ಷಕ್ಕೂ ಬದಲಾಗುವ ಅಕ್ಷರವೂ ಇದೆ, ಇಲ್ಲಿ ಅದು ಎಸ್.

ತಲೆನೋವು ಈ ಎಸ್‌ನದೇ. ದೊಡ್ಡಕ್ಷರ, ಸಣ್ಣಕ್ಷರ ಎರಡಕ್ಕೂ ಒಂದೇ ಆಕಾರ. ಸಣ್ಣದಾದರೆ 1793, ದೊಡ್ಡದಾದರೆ 1813. ಮಾಡಿದವರ ಜಾಗದಲ್ಲಿ ಡಬ್ಲ್ಯೂ ಇ, ಅದರ ಕೆಳಗೆ ಡಬ್ಲ್ಯೂ ಎಫ್. ಅಂದರೆ ವಿಲಿಯಂ ಈಲಿ ಮತ್ತು ವಿಲಿಯಂ ಫರ್ನ್. ಇಬ್ಬರೂ ಸೇರಿ ಗುರುತು ನೋಂದಾಯಿಸಿದ್ದು 1797ರಲ್ಲಿ. ಅಲ್ಲಿಗೆ 1793 ಬಿದ್ದುಹೋಯಿತು. 1813 ಅನ್ನೋಣ ಅಂದರೆ ಅದೂ ಕೂಡುವುದಿಲ್ಲ! 1808ರಿಂದ 1814ರವರೆಗೆ ವಿಲಿಯಂ ಚಾನರ್ ಕೂಡ ಪಾಲುದಾರ. ಆಗಿನ ಗುರುತಿಗೆ ಮೂರು ಸಾಲು ಇರಬೇಕು. ಇಲ್ಲಿ ಕಾಣುವುದು ಎರಡೇ.

ಲೂಪ್‌ನಿಂದ, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿಯಿಂದ, ಏನೂ ಆಗಲಿಲ್ಲ. 30 ಪಟ್ಟು ಅಂತ ಬರೆದು ಮಾರಿದವನು ಪ್ಲಾಸ್ಟಿಕ್ ಗಾಜು ಕಳಿಸಿದ್ದಾನೆ. ಅಂಚೆಲ್ಲ ಕಾಮನಬಿಲ್ಲು. ದಯವಿಟ್ಟು 10 ಪಟ್ಟಿನದೇ ಒಳ್ಳೆಯ ಗಾಜಿನದು ಕೊಳ್ಳಿ. ಇನ್ನೊಬ್ಬ ಅಂಗಡಿಯವನಂತೂ "ಪಾಲಿಶ್ ಮಾಡಿ ಕೊಡ್ತೀನಿ, ಎಲ್ಲಾ ಫಳಫಳ ಕಾಣ್ತದ" ಎಂದು ಬಫ್ ಯಂತ್ರದ ಕಡೆ ಕೈ ಚಾಚಿದ. ನನ್ನ ಎದೆ ಧಸಕ್ಕೆಂದಿತು! ಗುರುತು ಸವೆದಿರುವುದೇ ಉಜ್ಜಿ ಉಜ್ಜಿ.

ಕೊನೆಗೆ ಕೆಲಸಕ್ಕೆ ಬಂದದ್ದು ಮೇಣದ ಬತ್ತಿ. ಗುರುತಿನ ಮೇಲೆ ತೆಳ್ಳಗೆ ಮಸಿ ಹಿಡಿಸಿದೆ. ತಣ್ಣಗಾದ ಮೇಲೆ ಪಾರದರ್ಶಕ ಟೇಪ್ ಹಚ್ಚಿ, ಉಗುರಿನಿಂದ ಒತ್ತಿ, ಎತ್ತಿ ಬಿಳಿ ಹಾಳೆಗೆ ಅಂಟಿಸಿದೆ. ಡಬ್ಲ್ಯೂ ಎಫ್ ಸಾಲಿನ ಕೆಳಗೆ ಇನ್ನೊಂದು ಡಬ್ಲ್ಯೂನ ಎರಡು ಕಾಲು, ಪಕ್ಕದಲ್ಲಿ ಸಿ ಅಕ್ಷರದ ಬೆನ್ನು. ಚಾನರ್! ಮೂವರೂ ಇದ್ದಾರೆ. ಲಂಡನ್, 1813.

ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿದ್ದು 1818ರಲ್ಲಿ. ಚಮಚ ಅದಕ್ಕಿಂತ ಹಿರಿಯದು. ಹಾಗಾಗಿ ಇಲ್ಲಿನ ಕ್ಯಾಂಪ್‌ಗೆಂದು ಮಾಡಿಸಿದ್ದಲ್ಲ, ಆಮೇಲೆ ಯಾರದೋ ಪೆಟ್ಟಿಗೆಯಲ್ಲಿ ಬಂದದ್ದು.

ಅದೇ ಮನೆಯ ಪನ್ನೀರುದಾನಿ ಈಗಾಗಲೇ ಮೇಜಿನ ಮೇಲೆ ಕೂತಿದೆ. ಮೈತುಂಬಾ ಒತ್ತೊತ್ತಾದ ಹೂಬಳ್ಳಿ, ಕಚ್ ಕಡೆಯ ಕೆಲಸ. ಇದಕ್ಕೆ ವರ್ಷದ ಅಕ್ಷರದ ಸಹಾಯ ಇಲ್ಲ, ನಮ್ಮಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಆದರೆ ಕಚ್‌ನ ಭುಜ್ ಊರಿನ ಬೆಳ್ಳಿ ಕೆಲಸಗಾರ ಊಮರ್ಸಿ ಮಾವ್ಜಿ ತನ್ನ ಕೆಲಸಕ್ಕೆ ಓ ಎಂ ಎಂದು ಒತ್ತುತ್ತಿದ್ದ. ಇದರ ತಳಕ್ಕೆ ಯಾರೋ ತೇಪೆ ಬೆಸೆದಿದ್ದಾರೆ, ಆ ಗುರುತು ಇದ್ದರೆ ಅದರ ಅಡಿಯಲ್ಲೇ ಇರಬೇಕು. ತೇಪೆ ಬಿಡಿಸಲು ಕಾಕಾ ಸೋಮವಾರ ಬರಹೇಳಿದ್ದಾರೆ.